ಉಷ್ಣೋದಕ ಸ್ಥಾನಮೀಮಾಂಸೆ: ಆವರಗೆರೆಯ ನೆಲೆಯಿಂದ ಒಂದು ಅನುಸಂಧಾನ

“ಪ್ರವಾಸಿಯು ಭೂಶಾಖೀಯ ಅವಗಾಹನಾ ತಾಣವನ್ನು ಆಯ್ದುಕೊಳ್ಳುವ ಕ್ರಿಯೆಯು ಜಲ, ದೇಹ ಮತ್ತು ನೆಲ ಮುಖಾಮುಖಿಯಾಗುವ ನೆಲೆಯಲ್ಲಿ ನೆಲೆಗೊಳ್ಳುವ ಒಂದು ಬಹುಮುಖಿ ಸಂಕಥನವಾಗಿದ್ದು, ಅದನ್ನು ನೆಲಮೂಲ ನೆಲೆಗಟ್ಟಿನಿಂದ ನೋಡಬೇಕಾದ ಅನಿವಾರ್ಯತೆ ನಮ್ಮೆದುರಿಗಿದೆ.”

ದಾವಣಗೆರೆಯ ಅಂಚಿನ ಆವರಗೆರೆಯ ಅಧ್ಯಯನಕಾರರೊಬ್ಬರು ತಮ್ಮ ಪ್ರಬಂಧ ಶುರು ಮಾಡಿರುವುದು ಹೀಗೆ. ಪ್ರವಾಸ ಹೋದಾಗ ಮೀಯಲು ಯಾವ ಬಿಸಿನೀರಿನ ಬುಗ್ಗೆ ವಾಸಿ ಎಂಬುದು ವಿಷಯ. ಅಷ್ಟೇ ಬರೆದರೆ ಒಂದು ಸಾಲಾದೀತು, ಪ್ರಬಂಧವಾಗದು.

ಈ ಭಾಷೆ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ, ಅಂಟಿದ್ದು. ಸ್ವಾಸ್ಥ್ಯ ಪ್ರವಾಸೋದ್ಯಮದ ಮೇಲಿನ ಎರಡು ದಿನದ ವಿಚಾರ ಸಂಕಿರಣವೊಂದಕ್ಕೆ ಹೋಗಿದ್ದರು. ದೀಪ, ಹಾರ, ಶಾಲು, ಸ್ಮರಣಿಕೆ ಸೇರಿ ಉದ್ಘಾಟನೆಗೇ ಮೂರು ತಾಸು. ದಿಕ್ಸೂಚಿ ಭಾಷಣಕಾರರು ಐವತ್ತು ನಿಮಿಷದಲ್ಲಿ “ಅನುಭವಾತ್ಮಕ ಅವಗಾಹನೆ” ಅಂದದ್ದು ಇಪ್ಪತ್ತೆರಡು ಸಲ. ನಮ್ಮವರು ಕೊಟ್ಟ ಪ್ಯಾಡಿನಲ್ಲಿ ಗೀಟು ಹಾಕಿ ಲೆಕ್ಕ ಇಟ್ಟಿದ್ದಾರೆ. ನೀರು ಎಷ್ಟು ಡಿಗ್ರಿ ಬಿಸಿ ಇರುತ್ತದೆ ಅಂತ ಒಮ್ಮೆಯೂ ಹೇಳಲಿಲ್ಲ. ಮಧ್ಯಂತರದಲ್ಲಿ ಶೌಚಾಲಯಕ್ಕೆ ಹೋದರೆ ನಲ್ಲಿ ಗಾಳಿ ಊದಿತು. ಮೂಲೆಯಲ್ಲಿ ಒಂದು ಬಕೆಟ್, ಅದರ ತಳದಲ್ಲಿ ಒಂದು ಚೊಂಬು ನೀರು, ಹೊರಗೆ ನಲವತ್ತು ವಿದ್ವಾಂಸರ ಸಾಲು. ಪ್ರಬಂಧದ ಬೀಜ ಬಿದ್ದದ್ದು ಆ ಬಕೆಟ್ಟಿನಲ್ಲಿ.

ಮೊದಲ ಅಧ್ಯಾಯ ವರ್ಗೀಕರಣ. ಸ್ನಾನಯೋಗ್ಯ ಬಿಸಿನೀರು ಏಳು ವಿಧ ಎಂದು ಘೋಷಿಸಲಾಗಿದೆ. ಒಂದನೆಯದು “ಸ್ವಯಮುಷ್ಣ”: ಯಾರೂ ಒಲೆ ಹಚ್ಚದೆ ತಾನೇ ಕಾದ ನೀರು. ಮಳೆಯ ನೀರು ಬಂಡೆಯ ಬಿರುಕಿನಲ್ಲಿ ಬಹಳ ಕೆಳಗಿಳಿದು, ಅಲ್ಲಿನ ಶಾಖ ಹೊತ್ತು, ಇನ್ನೊಂದು ಬಿರುಕಿನಲ್ಲಿ ಮೇಲೆದ್ದು ಬರುತ್ತದೆ. ಇದಕ್ಕೆ ಜ್ವಾಲಾಮುಖಿಯೇ ಬೇಕೆಂದಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1991ರಲ್ಲಿ ತಂದ ಭೂಶಾಖ ಭೂಪಟದಲ್ಲಿ ಇಂಥ ಸುಮಾರು 340 ಬುಗ್ಗೆಗಳಿವೆ. ಕರ್ನಾಟಕದ ಪಾಲಿಗೆ ಹೆಸರುವಾಸಿಯಾದದ್ದು ಒಂದೇ: ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರ್ ತೀರ್ಥ. ತುಳುವಿನಲ್ಲಿ ಬೆಂದ್ರ್ ಅಂದರೆ ಬಿಸಿನೀರು. ಹೆಸರಿಟ್ಟವರು ಸಂಕಿರಣ ಕಂಡವರಲ್ಲ. ಸೀರೆಹೊಳೆಯ ದಂಡೆ, ಕಟ್ಟೆ ಕಟ್ಟಿದ ಕೊಳ, ಮೂಗಿಗೆ ಗಂಧಕದ ವಾಸನೆ. ಬಿಸಿ 37ರಿಂದ 40 ಡಿಗ್ರಿಯ ಆಸುಪಾಸು, ಅಂದರೆ ನಮ್ಮ ಮೈಯಷ್ಟೇ ಅಥವಾ ಅದಕ್ಕಿಂತ ತುಸು ಹೆಚ್ಚು. “ದಕ್ಷಿಣ ಭಾರತದ ಏಕೈಕ ಬಿಸಿನೀರಿನ ಬುಗ್ಗೆ” ಎಂದು ಇದಕ್ಕೆ ಬಿರುದು ಕೊಟ್ಟವರಿದ್ದಾರೆ. ತೆಲಂಗಾಣದ ಮಣುಗೂರಿನಲ್ಲಿ ನೆಲದೊಳಗಿಂದ ಬಿಸಿನೀರು ಉಕ್ಕುವುದನ್ನು ಕಂಡವರು ಈ ಬಿರುದನ್ನು ಒಪ್ಪುವುದಿಲ್ಲ.

ಎರಡನೆಯದು “ಪರೋಷ್ಣ”: ಅವ್ವ ಕಾಯಿಸಿದ ನೀರು. ಇಲ್ಲಿ ಅಧ್ಯಯನಕಾರರ ಪರಿಭಾಷೆ ಸಡಿಲಾಗುತ್ತದೆ. ನೀರು ತುಂಬುವ ಹಬ್ಬದ ಸಂಜೆ ಬಚ್ಚಲ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಿಂಡ್ಲಿಕಾಯಿ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡುತ್ತಿದ್ದರು. ಬೆಳಗಿನ ಜಾವ “ನೀರು ಕಾದಾವೆ, ಏಳ್ರೋ” ಅನ್ನುವ ಕೂಗು. ಹೊಗೆಗೆ ಕಣ್ಣುರಿ, ಎಣ್ಣೆಗೆ ಕಣ್ಣುರಿ, ಸೀಗೆಪುಡಿಗೆ ಮತ್ತೆ ಕಣ್ಣುರಿ. ಈ ಅನುಭವದ ಅವಗಾಹನಾತ್ಮಕತೆಯನ್ನು ಯಾವ ಸಿದ್ಧಾಂತದ ಬೆಳಕಿನಲ್ಲಿ ನೋಡಬೇಕು ಅಂತ ಅವರು ಬರೆದಿಲ್ಲ. ಒಂದು ಪುಟ ಖಾಲಿ ಬಿಟ್ಟಿದ್ದಾರೆ.

ಮೂರನೆಯದು “ಉಷ್ಣಾಭಾಸ”. ಲಾಡ್ಜಿನ ಗೋಡೆಯ ಮೇಲೆ 24 ಗಂಟೆ ಬಿಸಿನೀರು ಎಂದು ಬರೆದಿರುತ್ತದೆ. ಕೌಂಟರಿನಲ್ಲಿ ಕೇಳಿದರೆ ಬೆಳಿಗ್ಗೆ ಆರರಿಂದ ಎಂಟು ಅನ್ನುತ್ತಾರೆ. ಏಳಕ್ಕೆ ನಲ್ಲಿ ತಿರುಗಿಸಿದರೆ ಸ್ವಲ್ಪ ಹೊತ್ತು ಬಿಡಬೇಕು ಸರ್ ಅನ್ನುತ್ತಾರೆ. ಬಿಟ್ಟರೆ ಟ್ಯಾಂಕು ಖಾಲಿ.

ನಾಲ್ಕರಿಂದ ಏಳರವರೆಗಿನ ವಿಧಗಳನ್ನು ಅಧ್ಯಯನಕಾರರು ಕೈಬಿಟ್ಟಿದ್ದಾರೆ. ಕಾರಣ ಕೊಟ್ಟಿಲ್ಲ; ಓದುಗರಾರೂ ಕೇಳುವುದಿಲ್ಲ ಎಂಬ ಭರವಸೆ ಇದ್ದಂತಿದೆ. ಪಿಎಚ್‌ಡಿ ಪ್ರಬಂಧಗಳಿಗೂ ಇದೇ ಭರವಸೆ ಆಧಾರ.

ಎರಡನೆಯ ಅಧ್ಯಾಯ “ತಾಣನಿರ್ಣಯದ ಮಾನದಂಡಗಳು”. ಪರಿಭಾಷೆಯ ಸಿಪ್ಪೆ ಸುಲಿದರೆ ಒಳಗೆ ಉಪಯೋಗಕ್ಕೆ ಬರುವ ಮಾತುಗಳಿವೆ. ಹಿಮಾಚಲದ ಮಣಿಕರಣದಲ್ಲಿ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಬುಗ್ಗೆಗೆ ಇಳಿಬಿಟ್ಟರೆ ಅನ್ನವಾಗುತ್ತದೆ. ಅಲ್ಲಿ ಮೀಯುವವರು ತಣ್ಣೀರು ಬೆರೆಸಿದ ಕೊಳವನ್ನೇ ಹುಡುಕಬೇಕು, ಇಲ್ಲದಿದ್ದರೆ ತಾವೂ ಪ್ರಸಾದ. ಕೊಂಕಣದಲ್ಲಿ ವಜ್ರೇಶ್ವರಿಯಿಂದ ರಾಜಾಪುರದವರೆಗೆ ಬುಗ್ಗೆಗಳ ಸಾಲೇ ಇದೆ, ಒಂದೊಂದರ ಬಿಸಿ ಒಂದೊಂದು ಥರ. ಕೈ ಅದ್ದಿ ನೋಡದೆ ಕಾಲು ಇಡಬಾರದು. 40 ಡಿಗ್ರಿಯ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಸಾಕು. ಹೃದ್ರೋಗಿಗಳು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇಳಿಯಬಾರದು. ನಿಂತ ಬೆಚ್ಚನೆಯ ನೀರು ಮೂಗಿಗೆ ಏರಕೂಡದು. ಮಿದುಳಿಗೆ ಹೋಗುವ ಅಮೀಬಾ ಇಂಥ ನೀರಿನಲ್ಲೇ ಇರುತ್ತದೆ, ಪಕ್ಕದ ಕೇರಳ 2024, 2025ರಲ್ಲಿ ಅದರ ಕಾಟ ಉಂಡಿದೆ. ಕೊನೆಯ ಮಾನದಂಡದ ಹತ್ತಿರ ಅಧ್ಯಯನಕಾರರ ಕೈಬರಹ ಒತ್ತಿ ಮೂಡಿದೆ: ಹೆಂಗಸರು ಬಟ್ಟೆ ಬದಲಿಸಲು ಬಾಗಿಲಿರುವ, ಬಾಗಿಲಿಗೆ ಚಿಲಕವಿರುವ ಕೋಣೆ ಇದೆಯೇ? ಇಲ್ಲದಿದ್ದರೆ ಅದು ಅರ್ಧ ಊರಿನ ತಾಣ ಮಾತ್ರ.

ಮನೆ ಹತ್ತಿರದ ಪರ್ಯಾಯಗಳನ್ನೂ ಅವರು ಪರಿಶೀಲಿಸದೆ ಬಿಟ್ಟಿಲ್ಲ. ಹರಿಹರದಲ್ಲಿ 1224ರಲ್ಲಿ ಪೋಲಾಳ್ವ ದಂಡನಾಯಕ ಕಟ್ಟಿಸಿದ ಹರಿಹರೇಶ್ವರ ದೇವಾಲಯ, ಬದಿಗೇ ತುಂಗಭದ್ರೆ. ಏಪ್ರಿಲ್‌ನಲ್ಲಿ ಬಂಡೆಗಳ ನಡುವೆ ನಿಂತ ಮೊಣಕಾಲುದ್ದದ ನೀರು ಮಧ್ಯಾಹ್ನಕ್ಕೆ ಹದವಾಗಿ ಕಾದಿರುತ್ತದೆ. ಆದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಕಲುಷಿತ ನದಿಭಾಗಗಳ ಪಟ್ಟಿಯಲ್ಲಿ ಹರಿಹರದ ತುಂಗಭದ್ರೆಯೂ ಇದೆ. ಆ ಪಟ್ಟಿ ಓದಿದ ಮೇಲೆ ಅಧ್ಯಯನಕಾರರು ನದಿಗೆ ಕೈಮುಗಿದು, ತಲೆಗೆ ನೀರು ಚಿಮುಕಿಸದೆ ವಾಪಸಾದರು.

ಮೂರನೆಯ ಅಧ್ಯಾಯದಲ್ಲಿ ಮಹಾಶೋಧ. ಜಪಾನಿನಲ್ಲಿ ಬಿಸಿನೀರಿನ ಬುಗ್ಗೆಗೆಂದೇ 1948ರ ಕಾನೂನಿದೆ. ನೆಲದಿಂದ ಬರುವ ನೀರು 25 ಡಿಗ್ರಿ ಇದ್ದರೆ ಸಾಕು, ಅದು ಒನ್ಸೆನ್. ಅಷ್ಟು ಬಿಸಿ ಇಲ್ಲದಿದ್ದರೂ ಗೊತ್ತುಪಡಿಸಿದ ಖನಿಜಗಳಿದ್ದರೆ ಆದೀತು. ಟೋಕಿಯೋದಂಥ ಊರಿನಲ್ಲಿ ಸಾವಿರ ಮೀಟರಿಗೂ ಆಳ ಕೊರೆದು ತೆಗೆದ ನೀರಿಗೂ ಅದೇ ಮರ್ಯಾದೆ. ದಾವಣಗೆರೆ ಸೀಮೆಯಲ್ಲಿ 25 ಡಿಗ್ರಿಗಿಂತ ತಣ್ಣಗಿರುವ ಬೋರಿನ ನೀರು ಹುಡುಕುವುದೇ ಕಷ್ಟ. ಆದ್ದರಿಂದ ಜಪಾನಿ ಕಾನೂನಿನ ಪ್ರಕಾರ ಆವರಗೆರೆಯ ಪ್ರತಿಯೊಂದು ಬೋರ್‌ವೆಲ್ಲೂ ಒನ್ಸೆನ್! ಚನ್ನಗಿರಿಯ ಅಡಿಕೆ ತೋಟಗಳೆಲ್ಲ ಸ್ವಾಸ್ಥ್ಯಧಾಮಗಳು. ಅನುಮಾನವಿದ್ದವರು ಪುಷ್ಯಮಾಸದ ಬೆಳಿಗ್ಗೆ ಆರಕ್ಕೆ ಪಂಪ್‌ಸೆಟ್ಟಿನ ಹತ್ತಿರ ನಿಲ್ಲಲಿ. ಪೈಪಿನ ಬಾಯಲ್ಲಿ ಹಬೆ ಆಡುತ್ತಿರುತ್ತದೆ, ತಲೆ ಒಡ್ಡಿದರೆ ಬೆನ್ನಿನವರೆಗೂ ಬೆಚ್ಚಗೆ. ಬೆಂದ್ರ್ ತೀರ್ಥಕ್ಕೆಂದು ಘಟ್ಟ ಇಳಿಯುವ ಬಸ್ ಚಾರ್ಜು ಉಳಿಯಿತು.

ಇನ್ನು ಜಪಾನಿನಲ್ಲಿ ತಾಣನಿರ್ಣಯಕ್ಕೆ ಭೂವಿಜ್ಞಾನಿ ಬೇಕು, ನಮ್ಮಲ್ಲಿ ಪಾಯಿಂಟ್ ನೋಡುವವರಿದ್ದಾರೆ. ಅಂಗೈ ಮೇಲೆ ಮಲಗಿಸಿದ ತೆಂಗಿನಕಾಯಿ ಎದ್ದು ನಿಂತಲ್ಲಿ ನೀರು. ಸುಣ್ಣದ ಗುರುತು ಹಾಕಿ, ಊದುಬತ್ತಿ ಹಚ್ಚುತ್ತಾರೆ. ರಾತ್ರಿ ತಮಿಳುನಾಡು ನೋಂದಣಿಯ ರಿಗ್ ಲಾರಿ ಬಂದು ನಿಲ್ಲುತ್ತದೆ.

ಇಲ್ಲಿಂದ ಮುಂದೆ ಪ್ರಬಂಧದಲ್ಲಿ ಸಂಕಥನ, ಅನುಸಂಧಾನ ಯಾವುದೂ ಇಲ್ಲ. ಮುನ್ನೂರು ಅಡಿಗೆ ಬಿಳಿ ಧೂಳು, ಐನೂರಕ್ಕೆ ಕಪ್ಪು ಧೂಳು, ಏಳುನೂರಕ್ಕೆ ಒಂದಿಷ್ಟು ಪಸೆ. “ಇನ್ನೊಂದು ನೂರು ಬಿಡ್ರಿ” ಅಂತ ಮನೆಯವನೇ ಹೇಳುತ್ತಾನೆ, ಯಾಕೆಂದರೆ ಇಲ್ಲಿಗೆ ನಿಲ್ಲಿಸಿದರೆ ಕೊಟ್ಟ ದುಡ್ಡೆಲ್ಲ ಮಣ್ಣು. ಹೆಂಡತಿ ಜಗಲಿಯ ಮೇಲೆ ಕುಳಿತು ಬರಿಗೊರಳು ಮುಟ್ಟಿಕೊಂಡು ಅಡಿ ಎಣಿಸುತ್ತಿರುತ್ತಾಳೆ. ಜಗಳೂರಿನ ಕಡೆ ಇಂಥ ರಾತ್ರಿ ಕಾಣದ ಮನೆ ಅಪರೂಪ. ನೀರು ಬಿದ್ದರೂ ಎಷ್ಟೋ ಕಡೆ ಫ್ಲೋರೈಡ್. ಅಪ್ಪಂದಿರು ಬಾವಿಯಲ್ಲಿ ಹಗ್ಗ ಇಳಿಬಿಟ್ಟು ಸೇದಿದ ಊರುಗಳಲ್ಲಿ ಮಕ್ಕಳು ಸಾವಿರ ಅಡಿಗೆ ಇಳಿದಿದ್ದೇವೆ. ಇದಕ್ಕೆ ಯಾವ ದಿಕ್ಸೂಚಿ ಭಾಷಣ? ಈ ನೀರು ಬೆಚ್ಚಗಿರುವುದಾದರೂ ಯಾಕೆ? ಹೊರಗಿನ ಚಳಿ ನೆಲದೊಳಕ್ಕೆ ಇಳಿಯದೆ ಅಲ್ಲಿನ ಬಿಸಿ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಇರುವುದಕ್ಕೆ; ಆಳ ಕೂಡಿಸುವುದು ಕೆಲವೇ ಡಿಗ್ರಿ. ಧಾರವಾಡ ಶಿಲೆಯ ಈ ನೆಲ ಹಳೆಯದು, ತಣ್ಣನೆಯದು, ಬೇಗ ಕಾಯುವ ಜಾತಿಯಲ್ಲ. ಕೋಲಾರದ ಚಿನ್ನದ ಗಣಿ 3 ಕಿಲೋಮೀಟರಿಗೂ ಆಳ ಹೋದಾಗ ಬಂಡೆಯ ಬಿಸಿ ಅರವತ್ತು ಡಿಗ್ರಿ ದಾಟಿದ್ದು, ಅಷ್ಟೇ. ಚಿನ್ನಕ್ಕೆ ಕೊರೆದ ಹಾಗೆ ನಾವು ಬಚ್ಚಲಿಗೆ ಕೊರೆಯುತ್ತಿದ್ದೇವೆ.

ನಾಲ್ಕನೆಯ ಅಧ್ಯಾಯ, ಉಪಸಂಹಾರ, ಕೃತಜ್ಞತೆ ಇವು ಬರೆದಾಗಿಲ್ಲ. ಅಧ್ಯಯನಕಾರರ ಸ್ವಂತ ಒನ್ಸೆನ್ ಹೋದ ಬೇಸಿಗೆಯಲ್ಲಿ ನಿಂತಿತು. ಮೋಟಾರು ಮೇಲೆತ್ತಿ ಹಿತ್ತಿಲಲ್ಲಿ ಗೋಣಿಚೀಲ ಹೊದಿಸಿ ಮಲಗಿಸಿದ್ದಾರೆ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಎರಡು ವರ್ಷದ ಮಗು ಕೊಳವೆಬಾವಿಗೆ ಬಿದ್ದು, ಇಡೀ ರಾಜ್ಯ ಉಸಿರು ಹಿಡಿದು ಕಾದು, ಜೀವಂತ ಮೇಲೆ ಬಂದದ್ದು ಅವರಿಗೆ ನೆನಪಿದೆ. ಆದ್ದರಿಂದ ಕೇಸಿಂಗ್ ಪೈಪಿನ ಬಾಯಿಗೆ ಮುಚ್ಚಳ ಬೆಸುಗೆ ಹಾಕಿಸಿ, ಮೇಲೆ ಚಪ್ಪಡಿ ಎಳೆಸಿದ್ದಾರೆ. ನಿಮ್ಮ ಹೊಲದಲ್ಲೂ ನಿಂತುಹೋದ ಬೋರು ಇದ್ದರೆ ಇವತ್ತೇ ಬಾಯಿ ಮುಚ್ಚಿಸಿ.