ಹಳದಿ ಪಿನ್ನಿನ ಪಂಡಿತರು

ಬಡಾವಣೆಗೊಬ್ಬರಂತೆ ಕಾಣಸಿಗುವ ಕೇಬಲ್ ಪಂಡಿತರು ಬಹುಮಟ್ಟಿಗೆ ನಿವೃತ್ತರು, ಕರೆಯುವ ಮೊದಲೇ ಒದಗುವ ಪರೋಪಕಾರಿಗಳು, ಮತ್ತು ಜೀವಮಾನದಲ್ಲಿ ಒಂದು ಗೇಣು ವೈರನ್ನೂ ಗುಜರಿಗೆ ಹಾಕದವರು. ವಿಸಿಆರ್ ಹೋಗಿ ಡಿವಿಡಿ ಬಂದು ಅದೂ ಮೂಲೆ ಸೇರುವಷ್ಟರಲ್ಲಿ ಪ್ರತಿ ಯಂತ್ರದ ಜೊತೆ ಬಂದ ಕೇಬಲ್ಲೂ ಅವರ ಅಟ್ಟದ ಸೂಟ್‌ಕೇಸು ಸೇರಿದ್ದು, ಬೇಕಾದ ಒಂದನ್ನು ಎಳೆದರೆ ಬೇಡದ ಆರು ಜೊತೆಗೆ ಬರುವುದರಿಂದ, ಅವರು ಸೂಟ್‌ಕೇಸನ್ನೇ ಹೊತ್ತುಕೊಂಡು ನೆರೆಮನೆಗೆ ದಯಮಾಡಿಸುತ್ತಾರೆ.

ಇವರ ಶಾಸ್ತ್ರಕ್ಕೆ ಬಣ್ಣವೇ ಪ್ರಮಾಣ. ಹಳೆಯ ಟಿವಿಯ ಹಿಂಬದಿಯ ಹಳದಿ ತೂತು ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಎಡಬಲದ ಧ್ವನಿಗೆ ಎಂಬುದು ಅವರಿಗೆ ಕಂಠಪಾಠ. ಚಿತ್ರದ ಬೆಳಕನ್ನೂ ಬಣ್ಣವನ್ನೂ ಒಂದೇ ತಂತಿಯಲ್ಲಿ ಬೆರೆಸಿ ಕಳಿಸುವ ಈ ಏರ್ಪಾಡಿಗೆ ಕಾಂಪೊಸಿಟ್ ಎಂದು ಹೆಸರು. ಆದರೆ ಕೆಲವು ಟಿವಿಗಳಲ್ಲಿ ಅದರ ಪಕ್ಕದಲ್ಲೇ ಹಸಿರು, ನೀಲಿ ಮತ್ತು ಇನ್ನೊಂದು ಕೆಂಪು ತೂತುಗಳೂ ಇರುತ್ತವೆ. ಕಾಂಪೊನೆಂಟ್ ಎನ್ನಲಾಗುವ ಈ ವಿಧಾನದಲ್ಲಿ ಬೆಳಕಿನ ವಿವರ ಹಸಿರಿನಲ್ಲೂ ಬಣ್ಣದ ವಿವರ ಉಳಿದೆರಡರಲ್ಲೂ ಹರಿಯುತ್ತದೆಯಾದ್ದರಿಂದ, ಗೋಡೆಗೂ ಟಿವಿಗೂ ನಡುವೆ ತಲೆ ತೂರಿಸಿದ ಪಂಡಿತರು ಹಳದಿ ಪಿನ್ನನ್ನು ಹಸಿರಿಗೆ ಸಿಕ್ಕಿಸಿದಾಗ ಪರದೆಯ ಮೇಲೆ ಕಪ್ಪು ಬಿಳುಪು ಚಿತ್ರ ಮೂಡುತ್ತದೆ. ಬಾಯಲ್ಲಿ ಕಚ್ಚಿದ ಟಾರ್ಚಿನ ಸಮೇತ ಹೊರಡುವ “ಬಂತಾ?” ಎಂಬ ಪ್ರಶ್ನೆಗೆ “ಬಂತು, ಬಣ್ಣ ಬಂದಿಲ್ಲ ರಾಯರೇ” ಎಂಬ ಉತ್ತರ ಸಿಕ್ಕರೆ, “ಹಳೇ ಪಿಕ್ಚರ್ರು, ಹಂಗೇ ಇರತ್ತೆ” ಎಂದು ತೀರ್ಪು ಕೊಡುತ್ತಾರೆ, ಓಡುತ್ತಿರುವುದು ‘ಬಂಗಾರದ ಮನುಷ್ಯ’ ಎಂದೂ, 1972ರಲ್ಲೇ ಅದನ್ನು ಟಾಕೀಸಿನಲ್ಲಿ ಬಣ್ಣದಲ್ಲಿ ನೋಡಿದ್ದಾಗಿದೆಯೆಂದೂ ಮನೆಯ ಅಜ್ಜಿ ತಕರಾರು ತೆಗೆದ ಮೇಲಷ್ಟೇ ತಲೆ ಮತ್ತೆ ಒಳಗೆ ಹೋಗುತ್ತದೆ.

ಪಂಡಿತರಿಗೆ ಬಗ್ಗದ್ದು ಎಚ್‌ಡಿಎಂಐ ಒಂದೇ. 2002ರಲ್ಲಿ ರೂಪುಗೊಂಡ ಈ ಪದ್ಧತಿ ಚಿತ್ರವನ್ನೂ ಧ್ವನಿಯನ್ನೂ ಅಂಕಿಗಳಾಗಿಸಿ ಕಳಿಸುತ್ತದೆ, ಹಳೆಯ ಟಿವಿಗೆ ತಿಳಿಯುವುದು ಏರಿಳಿಯುವ ವಿದ್ಯುತ್ತಿನ ಅಲೆ ಮಾತ್ರ. ಹೀಗಾಗಿ ಒಂದು ತುದಿಯಲ್ಲಿ ಎಚ್‌ಡಿಎಂಐ, ಇನ್ನೊಂದರಲ್ಲಿ ಮೂರು ಪಿನ್ನುಗಳಿರುವ ಅಗ್ಗದ ಬರೀ ಕೇಬಲ್ಲಿನಿಂದ ಏನೂ ಆಗದೆ, ನಡುವೆ ಯುಎಸ್‌ಬಿಯಿಂದ ಕರೆಂಟು ಪಡೆಯುವ ಕನ್ವರ್ಟರ್ ಎಂಬ ಪುಟ್ಟ ಡಬ್ಬಿ ಬೇಕಾಗುತ್ತದೆ. ಅದನ್ನು ಅಂಗಡಿಯವರ ದುಡ್ಡು ಕೀಳುವ ಉಪಾಯವೆಂದು ಬಹಳ ಕಾಲ ನಂಬಿದ್ದು, ಕೊನೆಗೆ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ಪಂಡಿತರು ತರುವ ಡಬ್ಬಿಯಲ್ಲಿ ಬಣ್ಣಗಳೆಲ್ಲ ಸರಿಯಾಗಿರುತ್ತವೆ, ದಿಕ್ಕು ಮಾತ್ರ ತಿರುಗುಮುರುಗಾಗಿರುತ್ತದೆ. ಈ ಡಬ್ಬಿಗಳ ಸಂಚಾರ ಏಕಮುಖವೆಂಬುದನ್ನು ಅವರ ಶಾಸ್ತ್ರ ಹೇಳಿಕೊಟ್ಟಿರುವುದಿಲ್ಲ. ಮೇಲಿರುವ ‘ಎವಿ ಟು ಎಚ್‌ಡಿಎಂಐ’ ಎಂಬ ಬರಹವನ್ನು ಮನೆಯ ಒಂಬತ್ತನೇ ಕ್ಲಾಸಿನ ಹುಡುಗಿ ಗಟ್ಟಿಯಾಗಿ ಓದಿದಾಗ ಅವರು ಕಿಂಚಿತ್ತೂ ವಿಚಲಿತರಾಗದೆ, “ಇರ್ಲಿ ಬಿಡಮ್ಮ, ನಿಮ್ಮಪ್ಪ ಹೊಸ ಟಿವಿ ತಂದಾಗ ನಮ್ಮ ವಿಸಿಆರ್ ಹಾಕಿ ನೋಡಕ್ಕೆ ಇದೇ ಬೇಕಾಗತ್ತೆ” ಎಂದು ಡಬ್ಬಿಯನ್ನು ಸೂಟ್‌ಕೇಸಿಗೆ ಸೇರಿಸಿ, ಕೆಲಸಕ್ಕೆ ಬಾರದ ಆ ಅಗ್ಗದ ಕೇಬಲ್ಲನ್ನೂ ಕೇಳಿ ಪಡೆದುಕೊಳ್ಳುತ್ತಾರೆ.