ಬ್ರೇಕ್ ಲಿವರಿನ ದಾರ್ಢ್ಯ ಮೀಮಾಂಸೆ

ಮೋಟಾರುಸೈಕಲ್ಲಿನ ಮುಂಗಾಲಿಯ ಡಿಸ್ಕ್ ಬ್ರೇಕನ್ನು ಅಂಗಾಂಗವಾಗಿ ಬಿಚ್ಚಿ, ಕ್ಯಾಲಿಪರಿನ ಪಿಸ್ಟನ್ನುಗಳನ್ನು ತೊಳೆದು, ಜೀರ್ಣವಾದ ಸೀಲುಗಳ ಸ್ಥಾನದಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದ ನೂತನ ಸೀಲುಗಳನ್ನು ಪ್ರತಿಷ್ಠಾಪಿಸಿ, ಬ್ರೇಕ್ ಆಯಿಲ್ ತುಂಬಿ, ಸಮಸ್ತವನ್ನೂ ಯಥಾವಿಧಿಯಾಗಿ ಬಿಗಿದ ಮೇಲೂ ಲಿವರು ಬೆರಳಿಗೆ ಲೇಶಮಾತ್ರವೂ ಪ್ರತಿರೋಧ ತೋರದೆ ಹೋಗಿ ಹ್ಯಾಂಡಲನ್ನು ಆಲಿಂಗಿಸಿಕೊಳ್ಳುವುದೇಕೆಂಬ ಪ್ರಶ್ನೆಯನ್ನು ನಮ್ಮ ದರ್ಶನಕಾರರು ಎತ್ತಿಕೊಳ್ಳದೆ ಹೋದುದು ಖೇದಕರವಾದರೂ ಆಶ್ಚರ್ಯಕರವಲ್ಲ. ಅವರ ವಾಹನಗಳಿಗೆ ಕಡಿವಾಣವಿದ್ದಿತೇ ಹೊರತು ಕ್ಯಾಲಿಪರಿರಲಿಲ್ಲ. ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳನ್ನೇರಿದ ಮಹನೀಯರಿಗೂ ಈ ಜಿಜ್ಞಾಸೆಯ ಅಗತ್ಯ ಬೀಳಲಿಲ್ಲ. ಡ್ರಮ್ ಬ್ರೇಕು ಸಡಿಲವಾದರೆ ಒಂದು ನಟ್ಟನ್ನು ತಿರುವಿದರಾಯಿತು, ಅದಕ್ಕೆ ತತ್ತ್ವಜ್ಞಾನವೇಕೆ?

ಈ ಶಾಸ್ತ್ರದ ಆದ್ಯಪುರುಷನು ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ (1623–1662). ಮುಚ್ಚಿದ ಪಾತ್ರೆಯೊಳಗಣ ದ್ರವದ ಮೇಲೆ ಒಂದೆಡೆ ಹೇರಿದ ಒತ್ತಡವು ನ್ಯೂನಾತಿರೇಕವಿಲ್ಲದೆ ಎಲ್ಲೆಡೆಗೂ ಸಂಕ್ರಮಿಸುವುದೆಂದು ಪ್ರತಿಪಾದಿಸಿದ ಈತನೇ, 1648ರಲ್ಲಿ ತನ್ನ ಭಾವನನ್ನು ಪಾದರಸದ ನಳಿಗೆಯೊಡನೆ ಪ್ಯುಯಿ ದ ಡೋಮ್ ಪರ್ವತಕ್ಕೆ ಹತ್ತಿಸಿ ವಾಯುವಿಗೆ ಭಾರವುಂಟೆಂಬುದನ್ನು ಸ್ಥಾಪಿಸಿದನು. ದ್ರವ, ವಾಯು ಎರಡನ್ನೂ ಬಲ್ಲ ಇಂಥ ಪಂಡಿತನು ಅವೆರಡೂ ಒಂದೇ ಕೊಳವೆಯಲ್ಲಿ ಸಂಸಾರ ಹೂಡಿದರೆ ಗತಿಯೇನೆಂಬುದನ್ನು ನಮ್ಮ ಪಾಲಿಗೆ ಬಿಟ್ಟುಹೋದುದು ಅವನ ಔದಾರ್ಯವೆಂದೇ ತಿಳಿಯತಕ್ಕದ್ದು. ದ್ರವವು ಅದುಮಿದರೆ ಕುಗ್ಗದು. ವಾಯುವಾದರೋ ಕುಗ್ಗಿ, ಬೆರಳಿನ ಬಲವನ್ನೆಲ್ಲ ತಾನೇ ಉಂಡು, ಪಿಸ್ಟನ್ನನ್ನು ಉಪವಾಸ ಕೆಡವುತ್ತದೆ.

ಆದರೆ ಒಳಗೆ ವಾಯುವುಂಟೆಂಬುದಕ್ಕೆ ಪ್ರಮಾಣವೇನು? ಲೋಹದ ಕ್ಯಾಲಿಪರನ್ನು ಭೇದಿಸಿ ನೋಡುವ ಕಣ್ಣಿಲ್ಲದುದರಿಂದ ಪ್ರತ್ಯಕ್ಷವು ಸಲ್ಲದು. ಧೂಮದಿಂದ ಅಗ್ನಿಯನ್ನೂಹಿಸುವಂತೆ ಮೃದುತ್ವದಿಂದ ಗುಳ್ಳೆಯನ್ನೂಹಿಸಬೇಕು. ಗ್ಯಾರೇಜಿನ ನೈಯಾಯಿಕನು ಅನುಮಾನದ ಐದು ಅವಯವಗಳಲ್ಲಿ ನಡುವಣ ಮೂರನ್ನು ಕೈಬಿಟ್ಟು, ಪ್ರತಿಜ್ಞೆಯೂ ನಿಗಮನವೂ ತಾನೇ ಆದ “ಏರ್ ಇದೆ ಸಾರ್” ಎಂಬ ಒಂದೇ ವಾಕ್ಯದಲ್ಲಿ ವಾದವನ್ನು ಮುಗಿಸುತ್ತಾನೆ. ಈ ಲಾಘವವು ಶ್ಲಾಘ್ಯವಾದರೂ ಹೇತುವು ಸವ್ಯಭಿಚಾರ, ಗುಳ್ಳೆಯಿಲ್ಲದೆಡೆಯಲ್ಲಿಯೂ ಮೃದುತ್ವವುಂಟು. ಹೊಸ ಸೀಲು ಪಿಸ್ಟನ್ನನ್ನು ಬಿಗಿಯಾಗಿ ಕಚ್ಚಿಕೊಂಡು, ಲಿವರು ಬಿಟ್ಟೊಡನೆ ಅಗತ್ಯಕ್ಕಿಂತ ಹಿಂದಕ್ಕೆ ಸೆಳೆಯುವುದರಿಂದ ಮುಂದಿನ ಒತ್ತಿನ ಬಹುಭಾಗವು ಆ ಅಂತರವನ್ನು ತುಂಬುವುದರಲ್ಲೇ ಕಳೆಯಬಹುದು. ಡೊಂಕಾದ ಡಿಸ್ಕು ಪ್ಯಾಡುಗಳನ್ನು ಹಿಂದಕ್ಕೆ ತಳ್ಳಬಹುದು. ಮುದಿ ರಬ್ಬರ್ ಹೋಸು ಉಬ್ಬಬಹುದು. ಲಿವರನ್ನು ಹಿಡಿದೇ ಇದ್ದರೂ ಅದು ಮೆಲ್ಲಮೆಲ್ಲನೆ ಇಳಿಯುತ್ತ ಹೋದರೆ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರು ದ್ರವವನ್ನು ತಡೆಯದಾಗಿದೆ, ಇಲ್ಲವೆ ಎಲ್ಲಿಯೋ ಸೋರುತ್ತಿದೆ. ಇನ್ನು ಮನೆಯಂಗಳದಲ್ಲಿ ಗಟ್ಟಿಯಾಗಿದ್ದ ಲಿವರು ಆಗುಂಬೆಯ ತಿರುವುಗಳನ್ನಿಳಿಯುವಾಗ ಮೆದುವಾದರೆ ಹಳೆಯ ದ್ರವವನ್ನೇ ಶಂಕಿಸಬೇಕು. ಡಾಟ್ 4 ದ್ರವಕ್ಕೆ ನಿಯಮವು ವಿಧಿಸಿರುವ ಕನಿಷ್ಠ ಕುದಿಬಿಂದು ಹೊಸದರಲ್ಲಿ 230 ಡಿಗ್ರಿ ಸೆಲ್ಸಿಯಸ್; ತೇವವನ್ನು ಹೀರಿಕೊಂಡ ಮೇಲೆ 155.

ವಾಯುನಿರ್ಗಮನದ ವಿಷಯದಲ್ಲಿ ಮೂರು ಪ್ರಸ್ಥಾನಗಳುಂಟು. ಪ್ರಾಚೀನರಾದ ಅಧೋವಾದಿಗಳಲ್ಲಿ ಒಬ್ಬನು ಲಿವರನ್ನು ಒತ್ತಿ ಹಿಡಿಯುತ್ತಾನೆ, ಮತ್ತೊಬ್ಬನು ಎಂಟರ ಸ್ಪ್ಯಾನರಿನಿಂದ ಕ್ಯಾಲಿಪರಿನ ನಿಪ್ಪಲನ್ನು ಸಡಿಲಿಸಿ ಮರಳಿ ಬಿಗಿಯುತ್ತಾನೆ. ಬಿಗಿಯುವುದಕ್ಕೆ ಮೊದಲೇ ಲಿವರು ಬಿಟ್ಟರೆ ಹೊರಗಣ ವಾಯುವೇ ಒಳಹೊಕ್ಕು ಪ್ರಳಯವಾಗುವುದರಿಂದ “ಬಿಡಬೇಡ್ವೋ, ಹಿಡ್ಕೊ!” ಎಂಬುದು ಈ ಸಂಪ್ರದಾಯದ ಮಹಾಮಂತ್ರ. ಗುಳ್ಳೆಯ ಸ್ವಭಾವವೇ ಊರ್ಧ್ವಗಮನವಾಗಿರುವಾಗ ಅದನ್ನು ಕೆಳಕ್ಕೆ ಅಟ್ಟುವುದು ಪ್ರಕೃತಿವಿರೋಧವೆಂದು ಆಕ್ಷೇಪಿಸುವ ನವ್ಯರು ಸಿರಿಂಜಿನಿಂದ ಕೆಳಗಣ ನಿಪ್ಪಲಿನ ಮೂಲಕ ದ್ರವವನ್ನು ಮೇಲಕ್ಕೇರಿಸುತ್ತಾರೆ. ಮೂರನೆಯವರು ಬಂಧನವಾದಿಗಳು: ಸೈಕಲ್ ಟ್ಯೂಬಿನ ತುಂಡಿನಿಂದ ಲಿವರನ್ನು ಹ್ಯಾಂಡಲಿಗೆ ಕಟ್ಟಿ ಮಲಗಿಬಿಡುವ ಇವರು ಫಲವನ್ನು ನಿದ್ರಾಸಾಧ್ಯವೆಂದು ಬಗೆಯುತ್ತಾರೆ. ಲಿವರು ಒತ್ತಿದ್ದಷ್ಟು ಹೊತ್ತೂ ಆಯಿಲ್ ಡಬ್ಬಿಗೆ ಹೋಗುವ ರಂಧ್ರವು ಮುಚ್ಚಿಯೇ ಇರುವಾಗ ಗುಳ್ಳೆಯು ರಾತ್ರಿಯೆಲ್ಲ ಎಲ್ಲಿಗೆ ಹೋದೀತೆಂದು ಕೇಳಿದರೆ, ಒತ್ತಡದಲ್ಲಿ ಕಿರಿದಾಗಿ ಬಾಗಿಲವರೆಗೆ ತೆವಳಿ ಬಂದು, ಬೆಳಗಾಗಿ ಕಟ್ಟು ಬಿಚ್ಚಿದೊಡನೆ ಹೊರಬೀಳುವುದೆಂದು ಸಮಾಧಾನ ಹೇಳುತ್ತಾರೆ. ಯುಕ್ತಿ ಎಷ್ಟೇ ದುರ್ಬಲವಾದರೂ ಬೆಳಗಿನ ಲಿವರು ಅನೇಕ ಸಲ ಅವರ ಪಕ್ಷವನ್ನೇ ವಹಿಸುತ್ತದೆಂಬುದು ಪ್ರತಿಪಕ್ಷದವರಿಗೆ ನುಂಗಲಾರದ ತುತ್ತು.

ಸಿದ್ಧಾಂತವೇನೆಂದರೆ, ಈ ಮೂರು ಪ್ರಸ್ಥಾನದವರೂ ಕೆಳಗಣ ನಿಪ್ಪಲಿಗೋ ಮೇಲಣ ಲಿವರಿಗೋ ಮನಸೋತು, ಹೋಸು ಮಾಸ್ಟರ್ ಸಿಲಿಂಡರನ್ನು ಕೂಡುವ ಬ್ಯಾಂಜೋ ಬೋಲ್ಟಿನ ಬಾಗನ್ನು ಉಪೇಕ್ಷಿಸುತ್ತಾರೆ. ಅದು ಡಬ್ಬಿಗಿಂತ ಎತ್ತರದಲ್ಲಿ ನಿಂತರೆ ಗುಳ್ಳೆಯು ಅಲ್ಲಿಯೇ ಮಠ ಕಟ್ಟಿಕೊಳ್ಳುತ್ತದೆ. ಹ್ಯಾಂಡಲನ್ನು ತಿರುಗಿಸಿ ಡಬ್ಬಿಯನ್ನೇ ಸರ್ವೋನ್ನತ ಮಾಡಿ, ಹೋಸನ್ನು ಸ್ಪ್ಯಾನರಿನ ಹಿಡಿಯಿಂದ ಮೆಲ್ಲನೆ ತಟ್ಟುತ್ತ, ಲಿವರನ್ನು ಪೂರ್ತಿ ಎಳೆಯದೆ ಕೆಲವೇ ಮಿಲಿಮೀಟರು ಅಲುಗಿಸಿದರೆ ಡಬ್ಬಿಯ ತಳದ ಸೂಕ್ಷ್ಮರಂಧ್ರದಲ್ಲಿ ಗುಳ್ಳೆಗಳು ಒಂದೊಂದಾಗಿ ಪ್ರತ್ಯಕ್ಷಪ್ರಮಾಣಕ್ಕೆ ಗೋಚರವಾಗುತ್ತವೆ.

ಪ್ರಯೋಗಾಸಕ್ತರಾದ ವಾಚಕರಲ್ಲಿ ಒಂದು ವಿಜ್ಞಾಪನೆ. ಡಾಟ್ 4 ದ್ರವವು ಪೇಂಟನ್ನು ತಿನ್ನುತ್ತದೆ. ಮೊದಲೇ ಟ್ಯಾಂಕಿಗೆ ಹಳೆಯ ಪಂಚೆಯೊಂದನ್ನು ಹೊದಿಸಿ, ತೊಟ್ಟು ಬಿದ್ದಲ್ಲಿ ಕೂಡಲೇ ನೀರು ಸುರಿಯಿರಿ. ಲಿವರು ಗಟ್ಟಿಯಾದ ಸಂತೋಷದಲ್ಲಿ ನೇರವಾಗಿ ರಸ್ತೆಗಿಳಿಯದೆ, ಗಾಡಿಯನ್ನು ಅಂಗಳದಲ್ಲಿ ತಳ್ಳಿಕೊಂಡು ನಡೆದು ಬ್ರೇಕು ಹಿಡಿಯುವುದೇ ಎಂದು ಪರೀಕ್ಷಿಸಿ.