ಮುಖ ಕಾಣುವ ಫೋಟೊ ತನ್ನಿ ಎಂದ ಸಾಹೇಬರಿಗೆ

ಕಲಾವಿದರ ಮಾಸಾಶನದ ಅರ್ಜಿ ತೆಗೆದುಕೊಳ್ಳುವ ಸಾಹೇಬರೇ,

ನಿನ್ನೆ ನಿಮ್ಮ ಕಿಟಕಿ ಮುಚ್ಚಿದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಕೂತು ಇದನ್ನು ಬರೆಯಲು ಶುರು ಮಾಡಿದೆ. ಊರಿನ ಕಡೇ ಬಸ್ಸು ಹೋಗಿತ್ತು, ಪುರುಸೊತ್ತಿಗೆ ಬರವಿರಲಿಲ್ಲ. ಕಿಟಕಿಯ ಪರದೆಯನ್ನು ನೀವು ಎಳೆದದ್ದು ನೋಡಿದೆ. ಅರ್ಧಕ್ಕೆ ಸಿಕ್ಕಿಕೊಂಡಿತು, ಜಗ್ಗಿದಿರಿ, ಕೊಂಡಿ ಕಿತ್ತು ಕೈಗೆ ಬಂತು. ನಾಟಕ ಕಂಪನಿಯಲ್ಲಿ ಹಾಗೆ ಎಳೆದಿದ್ದರೆ ಮಾಲೀಕರು ಅವತ್ತು ರಾತ್ರಿಯೇ ನಿಮ್ಮನ್ನು ಊರಿಗೆ ಕಳಿಸುತ್ತಿದ್ದರು.

ನನ್ನ ಅರ್ಜಿ ನಿಮಗೆ ನೆನಪಿರಲಿಕ್ಕಿಲ್ಲ. ಆಧಾರ್, ಆದಾಯದ ಸರ್ಟಿಫಿಕೇಟು, ವಯಸ್ಸಿನ ದಾಖಲೆ ಎಲ್ಲ ಇದ್ದವು. ಕಂಪನಿ ಮಾಲೀಕರ ಪತ್ರ ಬೇಕು ಎಂದಿರಿ. ಮಾಲೀಕರು ತೀರಿಕೊಂಡರು, ಥೇಟರಿನ ತಗಡು ಗುಜರಿಗೆ ಹೋಯಿತು ಎಂದೆ. ಹಾಗಾದರೆ ಅವರ ಮರಣ ಪ್ರಮಾಣಪತ್ರ ತನ್ನಿ ಎಂದಿರಿ. ತಂದೆ. ಅದೂ ಹೋಗಲಿ. ಆಮೇಲೆ ನಡೆದದ್ದು ಇದು:

‘ಯಾವ ಪಾತ್ರ ಮಾಡ್ತಿದ್ರಿ?’

‘ಪರದೆ ಎಳೀತಿದ್ನಿರಿ. ಸೀನು ಕಟ್ಟೂದು, ಬಿಚ್ಚೂದು.’

‘ಸ್ಟೇಜ್ ಮ್ಯಾಲ ನಿಂತಿದ್ದ ಫೋಟೊ?’

‘ಇಲ್ರೀ.’

‘ಮುಖ ಕಾಣೂವಂಥದ್ದು ಒಂದರೆ ಬೇಕಲ್ರೀ. ಇಲ್ಲಾಂದ್ರ ನೀವು ನಾಟಕದಾಗ ಇದ್ರಿ ಅಂತ ನಾ ಹೆಂಗ ನಂಬ್ಲಿ?’

ಮೀಸೆ ಸರಿಯಾಗಿ ಮೂಡದ ವಯಸ್ಸಿನಲ್ಲಿ ಕಂಪನಿ ಸೇರಿದವನು ನಾನು. ಅಲ್ಲಿ ಕಲಿಸಿದ ಮೊದಲ ಪಾಠವೇ ಕಾಣಿಸಬಾರದು ಎಂಬುದು. ಕಪ್ಪಂಗಿ ತೊಡು, ಬರಿಗಾಲಲ್ಲಿ ನಡೆ, ಸೈಡ್ ವಿಂಗ್ ದಾಟಬೇಡ. ದರ್ಬಾರಿನ ಸೀನಿನಲ್ಲಿ ಒಮ್ಮೆ ನನ್ನ ಮೊಣಕೈ ಕಂಡಿತೆಂದು ಆ ರಾತ್ರಿಯ ಪಗಾರ ಹಿಡಿದಿದ್ದರು. ಕಾಣಿಸದೆ ಇದ್ದದ್ದಕ್ಕೆ ಜೀವಮಾನವಿಡೀ ಪಗಾರ ತಿಂದವನನ್ನು, ಈಗ ಕಂಡದ್ದಕ್ಕೆ ಸಾಕ್ಷಿ ಕೊಡು ಎನ್ನುತ್ತಿದ್ದೀರಿ.

ಗುಬ್ಬಿ ವೀರಣ್ಣನವರ ಹೆಸರು ಕೇಳಿದ್ದೀರಲ್ಲ? ಅವರ ಫೋಟೊ ನಿಮ್ಮಂಥ ಕಚೇರಿಗಳ ಗೋಡೆ ಮೇಲಿರುತ್ತದೆ. ಅವರ ಕಂಪನಿ 1884ರಲ್ಲಿ ಹುಟ್ಟಿದ್ದು. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆಯನ್ನೇ ರಂಗದ ಮೇಲೆ ತಂದ ಪುಣ್ಯಾತ್ಮರು ಅವರು. ಆ ಆನೆ ಇವತ್ತು ಬದುಕಿದ್ದು ಅರ್ಜಿ ಹಾಕಿದ್ದರೆ ನಿಮಗೆ ತಕರಾರೇ ಇರುತ್ತಿರಲಿಲ್ಲ. ರಂಗದ ಮೇಲೆ ಬಂದಿದೆ, ಮುಖ ಕಂಡಿದೆ, ಮಂಜೂರು! ಆನೆ ಬರುವ ಮುಂಚೆ ಹಲಗೆ ತಡೆಯುತ್ತದೋ ಇಲ್ಲವೋ ಎಂದು ಕುಣಿದು ನೋಡಿದವನೊಬ್ಬ ಇದ್ದಿರಲೇಬೇಕು. ಅದು ಹೋದ ಮೇಲೆ ಲದ್ದಿ ಬಳಿದವನೊಬ್ಬನೂ ಇದ್ದಿರಬೇಕು. ಅವರಿಬ್ಬರ ಅರ್ಜಿ ಮಾತ್ರ ವಾಪಸ್.

ಸಾಮಾಜಿಕ ನಾಟಕದಲ್ಲಿ ಹಾಸ್ಯದವರು ಬೀದಿ ಪರದೆಯ ಮುಂದೆ ನಿಂತು ನಗಿಸುತ್ತಿರುತ್ತಾರಲ್ಲ, ಯಾಕೆ ಗೊತ್ತೇ? ಅದರ ಹಿಂದೆ ನಾವು ಬಡವರ ಗುಡಿಸಲು ಕಿತ್ತು ಗೌಡರ ಮನೆ ಕಟ್ಟುತ್ತಿರುತ್ತೇವೆ. ಕುರ್ಚಿ ಹೊತ್ತು, ಮೆಟ್ಟಿಲು ಜೋಡಿಸಿ, ಬಾಗಿಲಿನ ಚೌಕಟ್ಟಿಗೆ ಆಸರೆ ಕೊಟ್ಟು, ಎಲ್ಲ ಮುಗಿದರೆ ನಾನು ಕೆಮ್ಮಬೇಕು. ಕೆಮ್ಮು ಕೇಳುವವರೆಗೂ ಹಾಸ್ಯದವರು ಜೋಕು ಹೊಸೆಯುತ್ತಲೇ ಇರಬೇಕು. ಮೊಳೆ ಸಿಗದ ರಾತ್ರಿಗಳಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಾರೆ. ನಮ್ಮ ಹಾಸ್ಯದವರಿಗೆ ಮಾಸಾಶನ ಬರುತ್ತಿದೆ. ಬರಲಿ, ಒಳ್ಳೆ ಮನುಷ್ಯ. ಆ ನಗೆಯಲ್ಲಿ ನನ್ನ ಕೆಮ್ಮಿನ ಪಾಲು ಬರೆಯುವುದಕ್ಕೆ ನಿಮ್ಮ ಫಾರಮ್ಮಿನಲ್ಲಿ ಜಾಗವಿಲ್ಲ, ಅಷ್ಟೆ.

ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಎಂದಾದರೂ ಬಂದಿದ್ದೀರಾ? ಬನದ ಹುಣ್ಣಿಮೆ ಬಂತೆಂದರೆ ಕಂಪನಿಗಳೆಲ್ಲ ಅಲ್ಲಿ ಥೇಟರು ಹಾಕುತ್ತವೆ. ಜಾತ್ರೆ ಜೋರಿರುವ ದಿನ ಒಂದು ಆಟ ಮುಗಿಯುವುದೇ ತಡ, ಇನ್ನೊಂದು. ನಟರು ತಮ್ಮ ಸೀನು ಬರುವವರೆಗೆ ತೂಕಡಿಸಬಹುದು. ಹಗ್ಗ ಹಿಡಿದವನು ತೂಕಡಿಸಿದರೆ ನಾಯಕಿಯ ಅಡುಗೆಮನೆ ಮೇಲೆ ಕಾಡು ಇಳಿಯುತ್ತದೆ. ಕತ್ತಲಲ್ಲಿ ಗುರುತು ಸಿಗಲೆಂದು ಹಗ್ಗಗಳಿಗೆ ಗಂಟು ಹಾಕಿಟ್ಟುಕೊಂಡಿದ್ದೆ. ಬೀದಿಗೆ ಒಂದು, ಕಾಡಿಗೆ ಎರಡು, ಅರಮನೆಗೆ ಮೂರು. ಬಟ್ಟೆ ಒಣಹಾಕುವ ಹಗ್ಗಕ್ಕೂ ಗಂಟು ಹಾಕುತ್ತಾನೆ ಎಂದು ಮನೆಯಾಕೆ ಇವತ್ತಿಗೂ ಬೈಯುತ್ತಾಳೆ.

ಮನೆಯಾಕೆಯೂ ಕಂಪನಿಯವಳೇ. ಹಗಲು ಮೆಸ್ಸಿನಲ್ಲಿ ರೊಟ್ಟಿ ಬಡಿದು, ಸಂಜೆ ಹೆಂಗಸರ ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದಳು. ಅವಳಿಗೂ ಫೋಟೊ ಇಲ್ಲ, ಅವಳು ಅರ್ಜಿಯನ್ನೂ ಹಾಕಿಲ್ಲ, ಜಾಣೆ. ಬಣ್ಣ ಹೋದ ಅರಮನೆ ಪರದೆಯನ್ನು ಮಡಚಿ ಹಾಸಿ ಮಕ್ಕಳನ್ನು ಮಲಗಿಸುತ್ತಿದ್ದೆವು. ಕ್ಯಾಂಪು ಬದಲಾದಂತೆಲ್ಲ ಶಾಲೆ ಬದಲಾಗುವುದು ಬೇಡವೆಂದು ಆಮೇಲೆ ಅವರನ್ನು ಅತ್ತೆಯ ಮನೆಯಲ್ಲಿ ಬಿಟ್ಟೆವು. ತಿಂಗಳಿಗೊಂದು ಮನಿಯಾರ್ಡರ್, ಅದರ ಕೆಳಗೆ ಎರಡು ಸಾಲು. ಮಗಳು ಅದರಲ್ಲೇ ಓದಿ ಇವತ್ತು ಮಾಸ್ತರಿಕೆ ಮಾಡುತ್ತಿದ್ದಾಳೆ.

ಅವಳು ಓದುತ್ತಿದ್ದ ಶಾಲೆಯ ಗ್ಯಾದರಿಂಗ್‌ಗೆ ನಾನು ಹೋದದ್ದು ಒಂದೇ ವರ್ಷ. ಅದೂ ಹೆಡ್‌ಮಾಸ್ತರರು ಪರದೆ ಕಟ್ಟಿಕೊಡು ಎಂದು ಹೇಳಿ ಕಳಿಸಿದ್ದಕ್ಕೆ. ಮಗಳು ಕುಣಿದಳು, ನಾನು ಹಗ್ಗ ಹಿಡಿದು ಪಕ್ಕದಲ್ಲಿ ನಿಂತು ನೋಡಿದೆ. ಆ ದಿನ ತೆಗೆದ ಫೋಟೊದಲ್ಲಿ ನಡುವೆ ಅವಳಿದ್ದಾಳೆ, ಎಡತುದಿಯಲ್ಲಿ ಹಗ್ಗ ಹಿಡಿದ ಒಂದು ಕೈ ಇದೆ. ಅದು ನನ್ನದು. ನನ್ನ ಕೆಲಸದ ದಾಖಲೆ ಅಂತ ಭೂಮಿ ಮೇಲೆ ಇರುವುದು ಅದೊಂದೇ. ಟ್ರಂಕಿನ ತಳದಿಂದ ಹುಡುಕಿ, ಪ್ಲಾಸ್ಟಿಕ್ ಹಾಕಿಸಿ ನಿನ್ನೆ ನಿಮ್ಮ ಮುಂದಿಟ್ಟೆ. ನೀವು ಕನ್ನಡಕ ಏರಿಸಿ ನೋಡಿ, ‘ಬರೇ ಕೈ ಐತಲ್ರೀ, ಕೈಗೆ ಮಾಸಾಶನ ಕೊಡಾಕ ಬರೂದಿಲ್ಲ’ ಎಂದಿರಿ. ಪಕ್ಕದ ಟೇಬಲ್ಲಿನವರು ನಕ್ಕರು.

ಕೈಗೇ ಕೊಡಬೇಕಾದದ್ದು ಸಾಹೇಬರೇ. ದುಡಿದದ್ದು ಅದೇ. ಹಗ್ಗ ಜಾರಿ ಚರ್ಮ ಸುಲಿದದ್ದು ಅದರದ್ದು, ಮುಖದ್ದಲ್ಲ. ರಾತ್ರಿ ಗಾಳಿ ಎದ್ದು ತಗಡು ಹಾರುವಾಗ ಕಂಬ ಹಿಡಿದುಕೊಂಡದ್ದು ಅದು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಕಂಪನಿ ನಿಂತಾಗ ಕಲ್ಯಾಣ ಮಂಟಪದ ಕಸ ಹೊಡೆದು ಸಂಸಾರ ನಡೆಸಿದ್ದೂ ಅದೇ. ಅದನ್ನು ಕಿಟಕಿಯೊಳಗೆ ಚಾಚಿದೆ, ಅಂಗೈಯ ಗೆರೆ ನೋಡಿ ಎಂದೆ. ‘ನಾ ಏನ್ ಜೋತಿಷ್ಯಾ ಹೇಳ್ತೀನೇನ್ರೀ?’ ಎಂದಿರಿ. ಮತ್ತೆ ನಕ್ಕರು. ನನ್ನ ಕೆಮ್ಮಿಲ್ಲದೆಯೂ ಜನರನ್ನು ನಗಿಸಬಲ್ಲಿರಿ ನೀವು, ಆ ಮಟ್ಟಿಗೆ ಕಲಾವಿದರು. ಅರ್ಜಿ ಹಾಕಿ. ಆನೆಯ ನಂತರ ನಿಮ್ಮದೇ ನಂಬರು.

ಇನ್ನೊಂದು ಸುದ್ದಿ. ಮುಂದಿನ ತಿಂಗಳು ರಂಗಮಂದಿರದಲ್ಲಿ ನಿಮ್ಮ ಕಚೇರಿಯ ಸಮಾರಂಭವಂತೆ, ಹಿರಿಯ ಕಲಾವಿದರಿಗೆ ಶಾಲು ಹೊದಿಸುವುದಂತೆ. ಅಲ್ಲಿ ಪರದೆ ನೋಡಿಕೊಳ್ಳುವ ಹುಡುಗ ನನ್ನ ಕೈಯಲ್ಲಿ ಕಲಿತವನು, ಅವತ್ತು ಅವನಿಗೆ ರಜೆ ಕೊಡಿಸಿದ್ದೇನೆ. ಹಗ್ಗದ ಹತ್ತಿರ ನಾನಿರುತ್ತೇನೆ. ಹೆದರಬೇಡಿ, ನಿಮ್ಮ ಮೇಲೆ ಕಾಡು ಇಳಿಸುವುದಿಲ್ಲ. ಭಾಷಣ ರಂಗೇರಿದಾಗ ಪರದೆಯ ಈಚೆ ಬಂದು, ನಡು ವೇದಿಕೆಯಲ್ಲಿ, ದೀಪದ ಬೆಳಕಿಗೆ ಮುಖ ಕೊಟ್ಟು ನಿಲ್ಲುತ್ತೇನೆ. ಮೊದಲ ಸಾಲಿನಲ್ಲಿ ಮಗಳು ಮೊಬೈಲ್ ಹಿಡಿದು ಕೂತಿರುತ್ತಾಳೆ. ಆ ಫೋಟೊಕ್ಕೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಕು ಎನ್ನುತ್ತೀರಿ, ಗೊತ್ತು. ಅವರೂ ಅವತ್ತು ಅಲ್ಲೇ, ನನ್ನ ಪಕ್ಕದಲ್ಲೇ ಶಾಲು ಹಿಡಿದು ನಿಂತಿರುತ್ತಾರೆ. ಪೆನ್ನು ನಾನೇ ತರುತ್ತೇನೆ.

ಇಂತಿ,
ಎಡತುದಿಯ ಕೈಯವನು